ತೆಗೆದುಹಾಕಿದ ಒಂಬತ್ತು ಹೇಳಿಕೆಗಳು: ಒಂದು ಪ್ರಶ್ನಾವಳಿಯ ಪ್ರಕರಣ ಅಧ್ಯಯನ

ಆ ಸಂಶೋಧಕಿ ನನ್ನ ಬಳಿ ಬಂದದ್ದು ಸಹಾಯಕ್ಕಲ್ಲ, ಒಂದು ಮಾತಿಗೆ. ಪ್ರಬಂಧದ ಮೂರನೇ ಅಧ್ಯಾಯದಲ್ಲಿ ‘ಸಾಧನಗಳ ಸಪ್ರಮಾಣತೆ ಮತ್ತು ವಿಶ್ವಸನೀಯತೆ’ ಎಂಬ ಭಾಗ ಇತ್ತು; ಪ್ರಶ್ನಾವಳಿಯಂಥವು ಅಳೆಯಬೇಕಾದದ್ದನ್ನೇ ಅಳೆಯುತ್ತವೆಯೇ, ಆ ಅಳತೆ ನೆಚ್ಚುವಂತಿದೆಯೇ ಎಂಬ ವಿವರ ಅದು. ಲೆಕ್ಕ ಗೊತ್ತಿರುವವರು ಯಾರಾದರೂ ಅದನ್ನು ನೋಡಿ ‘ಸರಿಯಿದೆ’ ಅಂದರೆ ಮಾರ್ಗದರ್ಶಕರು ಮುಂದಿನ ಹಂತಕ್ಕೆ ಬಿಡುತ್ತಿದ್ದರು. “ಎಲ್ಲಾ ಮುಗಿದಿದೆ ಮೇಡಂ, ಆಲ್ಫಾ 0.87 ಬಂದಿದೆ. ಒಂದ್ಸಲ ಕಣ್ಣಾಡಿಸಿದರೆ ಸಾಕು” ಅಂದರು. ಆಲ್ಫಾ ಎಂದರೆ ಪ್ರಶ್ನಾವಳಿಯ ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡಿವೆ ಎಂದು ಹೇಳುವ ಅಂಕಿ; 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು ಎನ್ನುತ್ತಾರೆ.

ಹಾಗೆ ಕಣ್ಣಾಡಿಸಲು ಕೂತದ್ದು ಏಳು ವಾರದ ಕೆಲಸವಾಯಿತು. ಆ ಏಳು ವಾರಗಳಲ್ಲಿ ಏನೇನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ, ಅಂಕಿಗಳನ್ನೂ ಕೈಲೆಕ್ಕಕ್ಕೆ ಒಗ್ಗುವಂತೆ ಹೊಂದಿಸಿದ್ದೇನೆ. ಎಡವಿದ ಜಾಗಗಳನ್ನು ಮಾತ್ರ ಮುಟ್ಟಿಲ್ಲ.

ಅಧ್ಯಯನದ ವಿಷಯ ಎಂಟನೇ ತರಗತಿ ಮಕ್ಕಳ ಗಣಿತ ಆತಂಕಕ್ಕೂ ಗಣಿತ ಸಾಧನೆಗೂ ಇರುವ ಸಂಬಂಧ. ಸಾಧನಗಳು ಮೂರು. ಮೊದಲನೆಯದು 30 ಹೇಳಿಕೆಗಳ ಆತಂಕ ಪ್ರಶ್ನಾವಳಿ. ಪ್ರತಿ ಹೇಳಿಕೆಗೂ ‘ಯಾವಾಗಲೂ’, ‘ಹೆಚ್ಚಾಗಿ’, ‘ಕೆಲವೊಮ್ಮೆ’, ‘ಅಪರೂಪಕ್ಕೆ’, ‘ಎಂದೂ ಇಲ್ಲ’ ಎಂಬ ಐದು ಆಯ್ಕೆ, ಅವಕ್ಕೆ ಕ್ರಮವಾಗಿ 5ರಿಂದ 1ರವರೆಗೆ ಅಂಕ. ಎರಡನೆಯದು 40 ಬಹು ಆಯ್ಕೆ ಪ್ರಶ್ನೆಗಳ ಸಾಧನಾ ಪರೀಕ್ಷೆ. ಮೂರನೆಯದು ತರಗತಿಯಲ್ಲಿ ಕೂತು ತುಂಬುವ ವೀಕ್ಷಣಾ ಪಟ್ಟಿ. ಮುಖ್ಯ ಅಧ್ಯಯನಕ್ಕೆ ಮೊದಲು ಈ ಮೂರನ್ನೂ 40 ಮಕ್ಕಳ ಮೇಲೆ ಪ್ರಯೋಗಿಸಿ ನೋಡಿದ್ದರು.

ಪ್ರಶ್ನಾವಳಿ ಸ್ವಂತದ್ದಲ್ಲ, ಅನುವಾದ. ಗಣಿತ ಆತಂಕವನ್ನು ಅಳೆಯುವ ಹೆಸರಾಂತ ಮಾಪಕವೊಂದನ್ನು ರಿಚರ್ಡ್‌ಸನ್ ಮತ್ತು ಸುಯಿನ್ ಎಂಬವರು 1972ರಲ್ಲೇ ಪ್ರಕಟಿಸಿದ್ದರು, 98 ಹೇಳಿಕೆಗಳದ್ದು. ಅಲ್ಲಿಂದೀಚೆಗೆ ಇಂಗ್ಲಿಷಿನಲ್ಲಿ ಅದರ ಮರಿ, ಮೊಮ್ಮರಿಗಳು ಬಹಳ ಹುಟ್ಟಿವೆ. ಹಾಗಾಗಿ ಅನುವಾದ ಮಾಡಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಅನುವಾದದ ಮೇಲೆ ಇಷ್ಟು ನಂಬಿಕೆ ಇಡಬಾರದಿತ್ತು, ಅಷ್ಟೇ.

0.58 ಹೇಗೆ 0.87 ಆಯಿತು

ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಮೊದಲ ಸಲ ಆಲ್ಫಾ ಎಷ್ಟು ಬಂದಿತ್ತು? ಸ್ವಲ್ಪ ಹೊತ್ತು ಸುಮ್ಮನಿದ್ದು “0.58” ಅಂದರು. ಆಮೇಲೆ ತಂತ್ರಾಂಶದಲ್ಲಿ ‘ಈ ಹೇಳಿಕೆ ತೆಗೆದರೆ ಆಲ್ಫಾ ಎಷ್ಟಾಗುತ್ತದೆ’ ಎಂದು ತೋರಿಸುವ ಕೋಷ್ಟಕ ಇರುತ್ತದಲ್ಲ, ಅದನ್ನು ನೋಡಿಕೊಂಡು ಒಂದೊಂದೇ ತೆಗೆಯುತ್ತ ಹೋಗಿದ್ದರು. ಒಂಬತ್ತು ಹೇಳಿಕೆ ತೆಗೆದು ಉಳಿದ 21ಕ್ಕೆ 0.87 ಬಂದಿತ್ತು. ಪ್ರಬಂಧದಲ್ಲಿ ಇದಕ್ಕೆ ಸಿಕ್ಕ ಜಾಗ ಒಂದೇ ವಾಕ್ಯ: ‘ಸೂಕ್ತವಲ್ಲದ 9 ಹೇಳಿಕೆಗಳನ್ನು ಕೈಬಿಡಲಾಯಿತು.’

ಆಲ್ಫಾ ಎಂಬುದರ ಲೆಕ್ಕ ದೊಡ್ಡದೇನಲ್ಲ. ಕ್ರಾನ್‌ಬ್ಯಾಕ್ ಎಂಬವರು 1951ರಲ್ಲಿ ಬರೆದ ಲೇಖನದಿಂದ ಅದಕ್ಕೆ ಅವರ ಹೆಸರು ಅಂಟಿಕೊಂಡಿದೆ. ಪ್ರತಿ ಹೇಳಿಕೆಯ ಅಂಕ ಎಷ್ಟು ಹರಡಿದೆ ಎಂಬುದನ್ನೆಲ್ಲ ಕೂಡಿಸಿ, ಒಟ್ಟು ಅಂಕ ಎಷ್ಟು ಹರಡಿದೆ ಎಂಬುದರಿಂದ ಭಾಗಿಸಿ, ಒಂದರಿಂದ ಕಳೆಯಬೇಕು; ಬಂದದ್ದನ್ನು ಹೇಳಿಕೆಗಳ ಸಂಖ್ಯೆಯಿಂದ ಗುಣಿಸಿ, ಅದಕ್ಕಿಂತ ಒಂದು ಕಮ್ಮಿ ಸಂಖ್ಯೆಯಿಂದ ಭಾಗಿಸಬೇಕು. ಈ ಹರಡುವಿಕೆಯ ಅಳತೆಗೆ ಪ್ರಸರಣ ಎನ್ನುತ್ತಾರೆ. ಇವರ 21 ಹೇಳಿಕೆಗಳ ಪ್ರಸರಣಗಳ ಮೊತ್ತ 27, ಒಟ್ಟು ಅಂಕದ ಪ್ರಸರಣ 158. 27ನ್ನು 158ರಿಂದ ಭಾಗಿಸಿದರೆ 0.171, ಒಂದರಿಂದ ಕಳೆದರೆ 0.829. ಅದನ್ನು 21/20ರಿಂದ ಗುಣಿಸಿದರೆ 0.87. ಲೆಕ್ಕ ಸರಿಯಾಗಿಯೇ ಇತ್ತು. ಹೇಳಿಕೆಗಳು ಒಂದಕ್ಕೊಂದು ಜೊತೆಗೂಡಿ ಏರಿಳಿಯುತ್ತಿವೆ ಎಂದಷ್ಟೇ ಆ ಅಂಕಿ ಹೇಳುತ್ತದೆ. ಯಾವ ಕಾರಣಕ್ಕೆ ಏರಿಳಿಯುತ್ತಿವೆ ಎಂಬುದು ಅದಕ್ಕೆ ಗೊತ್ತಿಲ್ಲ.

“ತೆಗೆದ ಒಂಬತ್ತು ಎಲ್ಲಿ?” ಅಂದೆ. ಅದು ಎಲ್ಲೂ ಇರಲಿಲ್ಲ. ಹಳೆಯ ಕಡತ ಹುಡುಕಿ, ಕಾಗದದ ಮೇಲೆ ಒಂದರ ಕೆಳಗೊಂದು ಬರೆದು ಮೇಜಿನ ಮೇಲಿಟ್ಟಾಗ ಇಬ್ಬರೂ ಒಟ್ಟಿಗೆ ನಕ್ಕೆವು, ಅವರ ನಗು ಸ್ವಲ್ಪ ಬೇಗ ನಿಂತಿತು. ಒಂಬತ್ತಕ್ಕೆ ಒಂಬತ್ತೂ ಆತಂಕದ ವಿರುದ್ಧ ದಿಕ್ಕಿನ ಹೇಳಿಕೆಗಳು. ‘ಲೆಕ್ಕ ಬಿಡಿಸುವಾಗ ನನ್ನ ಮನಸ್ಸು ನಿರಾಳವಾಗಿರುತ್ತದೆ’ ಎಂಬ ಥರದವು ಐದು. ‘ಲೆಕ್ಕ ಬಿಡಿಸುವಾಗ ನನಗೆ ಗಾಬರಿ ಆಗುವುದಿಲ್ಲ’ ಎಂಬ ಥರದವು ನಾಲ್ಕು.

ಇಂಥ ಹೇಳಿಕೆಗಳ ಅಂಕವನ್ನು ತಿರುಗಿಸಬೇಕು. ಐದು ಹಂತದ ಮಾಪಕದಲ್ಲಿ 6ರಿಂದ ಕಳೆದರೆ ಆಯಿತು: 5 ಇದ್ದದ್ದು 1, 4 ಇದ್ದದ್ದು 2. ಇದನ್ನು ಮಾಡಿರಲೇ ಇಲ್ಲ. ಅಂಕಗಳನ್ನು ಕಂಪ್ಯೂಟರಿಗೆ ಏರಿಸಿದವರು ಬೇರೆಯವರು, ವಿಶ್ಲೇಷಿಸಿದವರು ಬೇರೆಯವರು. ಅವರು ತಿರುಗಿಸಿದ್ದಾರೆ ಎಂದು ಇವರು, ಇವರು ತಿರುಗಿಸುತ್ತಾರೆ ಎಂದು ಅವರು. ನಿರಾಳವಾಗಿರುವ ಮಗುವಿಗೆ ಆ ಐದು ಸಾಲುಗಳಲ್ಲಿ ಆತಂಕದ ಅಂಕವೇ ಹೆಚ್ಚು ಬೀಳುತ್ತಿತ್ತು. ತಂತ್ರಾಂಶ ಪಾಪ ತನ್ನ ಕೆಲಸ ಮಾಡಿತ್ತು: ಉಳಿದವುಗಳ ವಿರುದ್ಧ ಎಳೆಯುತ್ತಿದ್ದವನ್ನು ಎತ್ತಿ ತೋರಿಸಿತ್ತು.

ಹೋಗಲಿ, 21 ಉಳಿದಿವೆಯಲ್ಲ, 0.87 ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಅವರೂ ಅದನ್ನೇ ಕೇಳಿದರು. ಉಳಿದ 21 ಎಲ್ಲವೂ ಒಂದೇ ದಿಕ್ಕಿನವು, ಎಲ್ಲವೂ ‘ಭಯ’, ‘ಗಾಬರಿ’, ‘ಬೇಸರ’. ಓದದೇ ಒಂದೇ ಕಂಬಸಾಲಿಗೆ ಸರಿ ಗುರುತು ಎಳೆದುಕೊಂಡು ಹೋಗುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಎಲ್ಲ ಹೇಳಿಕೆಯೂ ಒಂದೇ ದಿಕ್ಕಿಗಿದ್ದರೆ ಅಂಥ ಹಾಳೆ ಬಯಲಾಗುವುದಿಲ್ಲ, ಬದಲಿಗೆ ಆಲ್ಫಾವನ್ನು ಇನ್ನಷ್ಟು ಮೇಲೆತ್ತುತ್ತದೆ. ಆ ಐದು ನಿರಾಳ ಹೇಳಿಕೆಗಳನ್ನು ವಾಪಸ್ ತಂದು ನೋಡಿದಾಗ ಮೂರು ಹಾಳೆ ಸಿಕ್ಕಿಬಿದ್ದವು; ಆ ಮೂವರಿಗೆ ‘ಯಾವಾಗಲೂ’ ಗಾಬರಿ, ‘ಯಾವಾಗಲೂ’ ನಿರಾಳ.

ಜೊತೆಗೆ 40 ಮಕ್ಕಳಿಂದ ಬಂದ 0.87 ಎಂಬುದು ಒಂದು ಚುಕ್ಕೆಯಲ್ಲ. ಶೇಕಡ 95ರ ವಿಶ್ವಾಸದ ವ್ಯಾಪ್ತಿ, ಅಂದರೆ ನಿಜವಾದ ಬೆಲೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಅಂದಾಜು, ಹಾಕಿದರೆ ಅದು ಸುಮಾರು 0.80ರಿಂದ 0.92ರವರೆಗೆ ಹರಡಿಕೊಳ್ಳುತ್ತದೆ. ಎರಡನೇ ದಶಾಂಶಕ್ಕಾಗಿ ಹೇಳಿಕೆ ತೆಗೆಯುತ್ತ ಕೂರುವುದು ನನ್ನ ಕಣ್ಣಿಗೆ ಅರ್ಥವಿಲ್ಲದ ಕೆಲಸ.

ಹದಿನೇಳನೇ ಹೇಳಿಕೆ

ಅಂಕ ತಿರುಗಿಸಿದ ಮೇಲೆ ಐದು ನಿರಾಳ ಹೇಳಿಕೆಗಳು ದಾರಿಗೆ ಬಂದವು, ಒಟ್ಟು ಅಂಕದೊಂದಿಗೆ ಚೆನ್ನಾಗಿಯೇ ಹೊಂದಿಕೊಂಡವು. ಇನ್ನುಳಿದ ನಾಲ್ಕು, ಅಂದರೆ ‘ಇಲ್ಲ’ದಿಂದ ಮುಗಿಯುವವು, ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ತಿರುಗಿಸಿದರೂ ಒಟ್ಟು ಅಂಕದೊಂದಿಗೆ ಸಹಸಂಬಂಧ (ಎರಡು ಅಂಕ ಎಷ್ಟು ಜೊತೆಗೂಡಿ ಏರಿಳಿಯುತ್ತವೆ ಎಂಬ ಅಳತೆ) ಸೊನ್ನೆಯ ಆಸುಪಾಸು, ತಿರುಗಿಸದಿದ್ದರೂ ಅಷ್ಟೇ. ಇದು ಲೆಕ್ಕದಲ್ಲಿ ಬಗೆಹರಿಯುವ ವಿಷಯವಲ್ಲ ಎಂದು ಅಲ್ಲಿಗೆ ಖಚಿತವಾಯಿತು. ಮಕ್ಕಳ ಪಕ್ಕದಲ್ಲೇ ಕೂರೋಣ ಎಂದೆ.

ಒಂದು ಮಧ್ಯಾಹ್ನ ಎಂಟು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡೆವು. ಗಟ್ಟಿಯಾಗಿ ಓದು, ಏನು ಅನ್ನಿಸುತ್ತೋ ಹೇಳುತ್ತ ಗುರುತು ಹಾಕು, ಇದರಲ್ಲಿ ಸರಿ ತಪ್ಪು ಇಲ್ಲ. ಇಷ್ಟೇ ಸೂಚನೆ.

ಹದಿನೇಳನೆಯದು: ‘ಲೆಕ್ಕ ಬಿಡಿಸುವಾಗ ನನಗೆ ಗಾಬರಿ ಆಗುವುದಿಲ್ಲ.’ ಮೊದಲ ಹುಡುಗಿ ಓದಿದಳು, ‘ಎಂದೂ ಇಲ್ಲ’ಕ್ಕೆ ಗುರುತು ಹಾಕಿದಳು. “ಹಾಗಾದ್ರೆ ನಿನಗೆ ಗಾಬರಿ ಆಗುತ್ತೋ, ಇಲ್ವೋ?” ಅಂದೆ. “ಇಲ್ಲ ಮಿಸ್, ಎಂದೂ ಇಲ್ಲ. ಲೆಕ್ಕಕ್ಕೆ ಯಾಕೆ ಗಾಬರಿ?” ಎಂದು ನನ್ನನ್ನೇ ಕೇಳಿದಳು. ಎರಡನೆಯವಳು ಅದೇ ಸಾಲಿಗೆ ‘ಯಾವಾಗಲೂ’ ಅಂತ ಹಾಕಿದಳು. ಅವಳಿಗೂ ಗಾಬರಿ ಆಗುವುದಿಲ್ಲ: “ಯಾವಾಗ್ಲೂ ಆಗಲ್ಲ ಮಿಸ್.” ಮೂರನೆಯವನು ನಿಜವಾಗಿ ಗಾಬರಿಯ ಹುಡುಗ. ಪೆನ್ಸಿಲು ಈ ತುದಿಯಿಂದ ಆ ತುದಿಗೆ ಹೋಯಿತು, ಗುರುತು ಹಾಕಿ ಅಳಿಸಿದ, ಇನ್ನೊಂದು ತುದಿಯಲ್ಲಿ ಹಾಕಿ ಅದನ್ನೂ ಅಳಿಸಿದ. “ನಂಗೆ ಆಗುತ್ತೆ ಮಿಸ್. ಎಲ್ಲಿ ಹಾಕ್ಲಿ?” ನಾನು ಹೇಳುವಂತಿರಲಿಲ್ಲ. ಕೊನೆಗೆ ಮಧ್ಯದ ‘ಕೆಲವೊಮ್ಮೆ’ಗೆ ಹಾಕಿ ಮುಂದಕ್ಕೆ ಹೋದ.

ಈಗ ಅಂಕ ನೋಡಿ. ತಿರುಗಿಸಿದ ಮೇಲೆ ಎರಡನೆಯವಳಿಗೆ 6ರಲ್ಲಿ 5 ಕಳೆದು 1, ಅಂದರೆ ಆತಂಕ ಅತಿ ಕಡಿಮೆ. ಮೊದಲನೆಯವಳಿಗೆ 6ರಲ್ಲಿ 1 ಕಳೆದು 5, ಅಂದರೆ ಆತಂಕ ಅತಿ ಹೆಚ್ಚು. ಒಂದೇ ಮನಸ್ಥಿತಿಯ ಇಬ್ಬರು ಮಕ್ಕಳು ಮಾಪಕದ ಎರಡು ತುದಿಯಲ್ಲಿ, ಗಾಬರಿಯ ಹುಡುಗ ಅವರಿಬ್ಬರ ನಡುವೆ ತಣ್ಣಗೆ.

ತಪ್ಪು ಮಕ್ಕಳದ್ದಲ್ಲ, ಅವರು ಕನ್ನಡವನ್ನು ಕನ್ನಡದ ಹಾಗೆ ಓದಿದರು. ನಮ್ಮಲ್ಲಿ ಈ ಅರ್ಥದ ‘ಎಂದೂ’ ಎಂಬುದಕ್ಕೆ ‘ಇಲ್ಲ’ದ ಜೊತೆ ಬೇಕೇ ಬೇಕು. ‘ನನಗೆ ಎಂದೂ ಗಾಬರಿ ಆಗುವುದಿಲ್ಲ’ ಎಂದರೆ ಗಾಬರಿ ಆಗದು ಎಂದೇ ಅರ್ಥ. ಇಲ್ಲಿ ಎರಡು ನಿಷೇಧ ಸೇರಿ ‘ಹೌದು’ ಆಗುವ ಪ್ರಶ್ನೆಯೇ ಇಲ್ಲ. ಹೇಳಿಕೆಯಲ್ಲೊಂದು ‘ಇಲ್ಲ’, ಆಯ್ಕೆಯಲ್ಲೊಂದು ‘ಎಂದೂ ಇಲ್ಲ’ ಇದ್ದಾಗ ಮಗು ಎರಡನ್ನೂ ಬೆಸೆದು ಒಂದೇ ವಾಕ್ಯ ಮಾಡಿಕೊಳ್ಳುತ್ತದೆ. ಬೀಜಗಣಿತದಲ್ಲಿ ಋಣವನ್ನು ಋಣದಿಂದ ಗುಣಿಸಿದರೆ ಧನ, ಇಂಥ ಮಾತಿನಲ್ಲಿ ಹಾಗಿಲ್ಲ.

ಸಂಶೋಧಕಿಗೆ ಇದು ನುಂಗಲಾರದ ತುತ್ತಾಯಿತು. ಏಕೆಂದರೆ ಅವರು ಹಿಂದನುವಾದ ಮಾಡಿಸಿದ್ದರು. ಕನ್ನಡಕ್ಕೆ ತಂದದ್ದನ್ನು, ಮೂಲ ನೋಡಿರದ ಇನ್ನೊಬ್ಬರಿಂದ ಇಂಗ್ಲಿಷಿಗೆ ತಿರುಗಿ ಮಾಡಿಸಿ ಹೋಲಿಸುವ ಕ್ರಮ ಅದು. ಬ್ರಿಸ್ಲಿನ್ ಎಂಬವರ 1970ರ ಲೇಖನದಿಂದ ಹೆಚ್ಚು ರೂಢಿಗೆ ಬಂತು. ಹದಿನೇಳನೆಯದು ಆ ಪರೀಕ್ಷೆಯಲ್ಲಿ ಒಂದಕ್ಷರ ಆಚೀಚೆ ಇಲ್ಲದೆ ಪಾಸಾಗಿತ್ತು. ಪಾಸಾಗಲೇಬೇಕು: ಅನುವಾದಕರ ಮುಂದೆ ಇದ್ದದ್ದು ಹೇಳಿಕೆಗಳ ಪಟ್ಟಿ ಮಾತ್ರ, ಪಕ್ಕದ ಐದು ಆಯ್ಕೆಗಳಲ್ಲ.

ಅದೇ ಮಧ್ಯಾಹ್ನ ಇನ್ನೊಂದು ಸಿಕ್ಕಿತು, ಅದನ್ನು ನಾವು ಹುಡುಕುತ್ತಲೂ ಇರಲಿಲ್ಲ. ನಾಲ್ಕನೇ ಹೇಳಿಕೆ: ‘ಗಣಿತದ ಪರೀಕ್ಷೆಯ ಸಮಯದಲ್ಲಿ ನನ್ನ ಹೃದಯ ಬಡಿದುಕೊಳ್ಳುತ್ತದೆ.’ ಒಬ್ಬ ಹುಡುಗ ಥಟ್ಟನೆ ‘ಯಾವಾಗಲೂ’ ಹಾಕಿದ. ಯಾಕಪ್ಪಾ ಅಂದರೆ, “ಬಡ್ಕೊಳ್ದೇ ಇದ್ರೆ ಸತ್ತೋಗ್ತೀವಲ್ಲ ಮಿಸ್?” ವಿಜ್ಞಾನದ ಪಾಠ ಚೆನ್ನಾಗಿ ಕಲಿತಿದ್ದ! ದತ್ತಾಂಶಕ್ಕೆ ಹಿಂದಿರುಗಿ ನೋಡಿದರೆ 40ರಲ್ಲಿ 36 ಮಕ್ಕಳು ಅದಕ್ಕೆ ‘ಯಾವಾಗಲೂ’ ಹಾಕಿದ್ದರು. ಹೆಚ್ಚುಕಮ್ಮಿ ಎಲ್ಲರೂ ಒಂದೇ ಉತ್ತರ ಕೊಟ್ಟಲ್ಲಿ ಹರಡುವಿಕೆ ಅಷ್ಟಾಗಿ ಇಲ್ಲ, ಅದು ಆಲ್ಫಾವನ್ನು ಹೆಚ್ಚೇನೂ ಏರಿಸದು, ಇಳಿಸದು. ಆದ್ದರಿಂದಲೇ ತೆಗೆಯಬೇಕಾದ ಹೇಳಿಕೆಗಳ ಪಟ್ಟಿಯಲ್ಲಿ ಅದು ಎಂದೂ ತಲೆಯೆತ್ತಿರಲಿಲ್ಲ. ‘ಗಣಿತದ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಎದೆ ಡವಡವ ಅನ್ನುತ್ತದೆ’ ಎಂದು ಬದಲಿಸಿದೆವು. ಡವಡವ ಎಂಬುದು ಯಾವ ಮಗುವಿಗೂ ಅರ್ಥವಾಗದೇ ಇರಲಿಲ್ಲ.

ತಜ್ಞರ ಸಹಿ

ಪ್ರಬಂಧದ ಅನುಬಂಧದಲ್ಲಿ ಐವರು ತಜ್ಞರ ಪ್ರಮಾಣಪತ್ರ ಇದ್ದವು, ಐದರಲ್ಲೂ ಒಂದೇ ವಾಕ್ಯ: ‘ಪರಿಶೀಲಿಸಿದ್ದೇನೆ, ಸೂಕ್ತವಾಗಿದೆ.’ ನಾನೂ ಅಂಥ ಪತ್ರಗಳಿಗೆ ಸಹಿ ಹಾಕಿದ್ದುಂಟು, ಹಾಗಾಗಿ ದೂರಲು ಬಾಯಿಲ್ಲ. ಆದರೆ ಅದರಿಂದ ಒಂದು ಹೇಳಿಕೆಯ ಬಗ್ಗೆಯೂ ಏನೂ ತಿಳಿಯುವುದಿಲ್ಲ.

ಮತ್ತೆ ಎಂಟು ಮಂದಿಗೆ ಕಳಿಸಿದೆವು, ಈ ಸಲ ಹೇಳಿಕೆಗೊಂದು ತೀರ್ಪು ಕೇಳಿ: ಅಗತ್ಯ, ಉಪಯುಕ್ತ ಆದರೆ ಅಗತ್ಯವಲ್ಲ, ಅಗತ್ಯವಿಲ್ಲ. ಲಾಶೆ ಎಂಬವರು 1975ರಲ್ಲಿ ಕೊಟ್ಟ ವಿಧಾನ ಇದು. ‘ಅಗತ್ಯ’ ಎಂದವರ ಸಂಖ್ಯೆಯಿಂದ ಒಟ್ಟು ಮಂದಿಯ ಅರ್ಧವನ್ನು ಕಳೆದು, ಅದೇ ಅರ್ಧದಿಂದ ಭಾಗಿಸಬೇಕು. ಎಂಟರಲ್ಲಿ ಏಳು ಮಂದಿ ಒಪ್ಪಿದರೆ 0.75, ಎಂಟು ಮಂದಿಯ ಗುಂಪಿಗೆ ಅವರ ಕೋಷ್ಟಕದ ಕನಿಷ್ಠ ಮಿತಿಯೂ ಅಷ್ಟೇ. ಐವರೇ ಇದ್ದರೆ ಮಿತಿ 0.99, ಅಂದರೆ ಐವರೂ ಒಪ್ಪಲೇಬೇಕು.

ಎರಡು ಹೇಳಿಕೆಗೆ ಆರೇ ಮತ ಬಂದು 0.50ಕ್ಕೆ ನಿಂತವು. ಎರಡೂ ಗಣಿತ ಶಿಕ್ಷಕರನ್ನು ಕಂಡರೆ ಆಗದು ಎಂಬ ಅರ್ಥದವು. ಶಿಕ್ಷಕರ ಮೇಲಿನ ಮುನಿಸು ಗಣಿತದ ಆತಂಕವಲ್ಲ ಎಂದು ಇಬ್ಬರು ಬರೆದಿದ್ದರು. ಅವನ್ನು ಬಿಟ್ಟೆವು. ತಜ್ಞರಿಂದ ನಿಜವಾದ ಉಪಕಾರವಾದದ್ದು ಅಲ್ಲಿ. ಇನ್ನೊಂದು ಕಡೆ, ಹೃದಯ ಬಡಿದುಕೊಳ್ಳುವ ಹಳೆಯ ಹೇಳಿಕೆಯನ್ನೂ ಬೇಕೆಂತಲೇ ಪಟ್ಟಿಯಲ್ಲಿ ಉಳಿಸಿದ್ದೆ. ಅದಕ್ಕೆ ಎಂಟಕ್ಕೆ ಎಂಟು ಮತ, 1.00.

ಇನ್ನೆರಡು ಸಾಧನಗಳು

ಸಾಧನಾ ಪರೀಕ್ಷೆ ಹೆಚ್ಚು ಕಾಡಲಿಲ್ಲ. ಯಾವ ಪಾಠಕ್ಕೆ ಎಷ್ಟು ಪ್ರಶ್ನೆ ಎಂಬ ನೀಲನಕ್ಷೆ ಚೆನ್ನಾಗಿತ್ತು, ಕೆಆರ್-20 (ಕ್ಯೂಡರ್-ರಿಚರ್ಡ್‌ಸನ್) ಸೂತ್ರದಿಂದ ವಿಶ್ವಸನೀಯತೆಯನ್ನೂ ಕಂಡಿದ್ದರು. ಸರಿ-ತಪ್ಪು ಎಂದು ಎರಡೇ ಅಂಕ ಇರುವಲ್ಲಿ 1937ರ ಈ ಸೂತ್ರವೂ ಆಲ್ಫಾವೂ ಒಂದೇ. ಪ್ರಶ್ನೆಗಳ ವಿಶ್ಲೇಷಣೆ ಮಾತ್ರ ಅರ್ಧಕ್ಕೆ ನಿಂತಿತ್ತು, ಕಠಿಣತೆ (ಎಷ್ಟು ಪಾಲು ಮಕ್ಕಳು ಸರಿ ಬರೆದರು) ನೋಡಿ ತಾರತಮ್ಯ (ಜಾಣರನ್ನೂ ಉಳಿದವರನ್ನೂ ಪ್ರಶ್ನೆ ಎಷ್ಟು ಬೇರ್ಪಡಿಸುತ್ತದೆ) ನೋಡಿರಲಿಲ್ಲ.

ಒಟ್ಟು ಅಂಕದ ಪ್ರಕಾರ ಮಕ್ಕಳನ್ನು ಸಾಲಾಗಿಟ್ಟು ಮೇಲಿನ ಶೇಕಡ 27, ಕೆಳಗಿನ ಶೇಕಡ 27 ತೆಗೆದುಕೊಳ್ಳುವುದು ವಾಡಿಕೆ. 40ಕ್ಕೆ 11 ಮತ್ತು 11. ಒಂದು ಪ್ರಶ್ನೆ ಹೀಗಿತ್ತು: ಚೌಕದ ಬಾಹು ಎರಡು ಪಟ್ಟಾದರೆ ವಿಸ್ತೀರ್ಣ ಎಷ್ಟು ಪಟ್ಟಾಗುತ್ತದೆ? ಮೇಲಿನ ಗುಂಪಿನಲ್ಲಿ ‘ಸರಿ’ 3, ಕೆಳಗಿನ ಗುಂಪಿನಲ್ಲಿ ‘ಸರಿ’ 7. ಒಟ್ಟು 22ರಲ್ಲಿ 10, ಕಠಿಣತೆ 0.45, ಕಾಗದದ ಮೇಲೆ ಹದವಾದ ಪ್ರಶ್ನೆ. ತಾರತಮ್ಯ ಮಾತ್ರ 3ರಲ್ಲಿ 7 ಕಳೆದು 11ರಿಂದ ಭಾಗಿಸಿದರೆ −0.36. ಜಾಣರು ತಪ್ಪುತ್ತಾರೆ, ಉಳಿದವರು ಸರಿ ಬರೆಯುತ್ತಾರೆ ಎಂದಾದರೆ ಮೊದಲು ಅನುಮಾನಿಸಬೇಕಾದದ್ದು ಉತ್ತರದ ಕೀಲಿಯನ್ನು. ಕೀಲಿಯಲ್ಲಿ ‘2 ಪಟ್ಟು’ ಎಂದು ಬೆರಳಚ್ಚಾಗಿತ್ತು. ‘4 ಪಟ್ಟು’ ಎಂದು ತಿದ್ದಿ ಎಣಿಸಿದರೆ ಮೇಲಿನ ಗುಂಪಿನಲ್ಲಿ 8, ಕೆಳಗೆ 2, ತಾರತಮ್ಯ 0.55. ಕಠಿಣತೆ ಈಗಲೂ 22ರಲ್ಲಿ 10, ಅದೇ 0.45! ಅದೊಂದನ್ನೇ ನೋಡಿಕೊಂಡಿದ್ದರೆ ತಪ್ಪು ಕೀಲಿ ಮುಖ್ಯ ಅಧ್ಯಯನದವರೆಗೂ ನಡೆದುಹೋಗುತ್ತಿತ್ತು.

ವೀಕ್ಷಣಾ ಪಟ್ಟಿಯನ್ನು ಉಳಿಸಲಾಗಲಿಲ್ಲ. ಇಬ್ಬರು ವೀಕ್ಷಕರು 50 ಕಿರು ಅವಧಿಗಳಲ್ಲಿ ‘ಮಗುವಿನಲ್ಲಿ ಗಾಬರಿ ಕಂಡಿತೇ’ ಎಂದು ಗುರುತಿಸಿದ್ದರು, 43ರಲ್ಲಿ ಒಮ್ಮತ, ಶೇಕಡ 86. ಬಿಡಿಸಿ ನೋಡಿದರೆ ಆ 43ರಲ್ಲಿ 41 ಇಬ್ಬರೂ ‘ಇಲ್ಲ’ ಎಂದವು. ‘ಹೌದು’ ಎಂದು ಇಬ್ಬರೂ ಕಂಡದ್ದು ಎರಡೇ ಸಲ. ಒಬ್ಬರಿಗೆ ಮಾತ್ರ ಕಂಡದ್ದು ನಾಲ್ಕು, ಇನ್ನೊಬ್ಬರಿಗೆ ಮಾತ್ರ ಕಂಡದ್ದು ಮೂರು. ಅಪರೂಪದ ಸಂಗತಿಗೆ ಕಣ್ಣು ಮುಚ್ಚಿ ‘ಇಲ್ಲ’ ಎನ್ನುತ್ತ ಹೋದರೂ ಒಮ್ಮತ ಹೆಚ್ಚೇ ಬರುತ್ತದೆ. ಆಕಸ್ಮಿಕವಾಗಿ ಬರಬಹುದಾದ ಒಮ್ಮತವನ್ನು ಕಳೆದು ಹೇಳುವುದು ಕೋಹೆನ್ ಎಂಬವರು 1960ರಲ್ಲಿ ಕೊಟ್ಟ ಕಪ್ಪಾ ಎಂಬ ಅಂಕಿ. ಇಲ್ಲಿ ಆಕಸ್ಮಿಕದ ಪಾಲೇ 0.804, ಕಪ್ಪಾ 0.29. ‘ಗಾಬರಿ’ ಎಂದರೆ ಏನನ್ನು ನೋಡಬೇಕು ಎಂದು ಇಬ್ಬರಿಗೂ ಹೇಳಿರಲಿಲ್ಲ. ಉಗುರು ಕಚ್ಚುವುದೋ, ಬರೆದದ್ದನ್ನು ಮತ್ತೆ ಮತ್ತೆ ಅಳಿಸುವುದೋ, ಪಕ್ಕದವರ ಪುಸ್ತಕ ನೋಡುವುದೋ? ಹೊಸದಾಗಿ ನಿರೂಪಿಸಿ ತರಬೇತಿ ಕೊಡಲು ಸಮಯವಿರಲಿಲ್ಲ. ಆ ಸಾಧನವನ್ನು ಅಧ್ಯಯನದಿಂದಲೇ ಕೈಬಿಟ್ಟರು.

ಎರಡನೇ ಪ್ರಯೋಗ

‘ಇಲ್ಲ’ದಿಂದ ಮುಗಿಯುವ ನಾಲ್ಕು ಹೇಳಿಕೆಗಳನ್ನು ‘ಇಲ್ಲ’ ಬಾರದಂತೆ ತಿರುಗಿಸಿ ಬರೆದಾಗ ಎರಡು ಈಗಾಗಲೇ ಇದ್ದ ನಿರಾಳ ಹೇಳಿಕೆಗಳದೇ ಪಡಿಯಚ್ಚಾದವು. ಒಂದೇ ಮಾತನ್ನು ಎರಡು ಸಲ ಕೇಳಿದರೆ ಆಲ್ಫಾ ಏರುತ್ತದೆ, ತಿಳಿವಳಿಕೆ ಏರುವುದಿಲ್ಲ, ಅವೆರಡನ್ನೂ ಬಿಟ್ಟೆವು. ಭಯದ ದಿಕ್ಕಿನವು 19, ನಿರಾಳದ ದಿಕ್ಕಿನವು 7, ಒಟ್ಟು 26. ಇನ್ನೊಂದು ಶಾಲೆಯ 60 ಮಕ್ಕಳಿಗೆ ಕೊಟ್ಟರು. ಬಂದ ಆಲ್ಫಾ 0.86.

“ಇಷ್ಟೆಲ್ಲಾ ಮಾಡಿ 0.01 ಕಮ್ಮಿ ಆಯ್ತಲ್ಲಾ ಮೇಡಂ” ಎಂದು ಫೋನಿನಲ್ಲಿ ಹೇಳಿದಾಗ ಅವರು ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. ಕ್ರಾನ್‌ಬ್ಯಾಕ್ ಅವರೇ ಕೊನೆಗಾಲದಲ್ಲಿ ಆಲ್ಫಾವನ್ನು ವಿಶ್ವಸನೀಯತೆ ನೋಡುವ ಅತ್ಯುತ್ತಮ ದಾರಿ ಎಂದು ಭಾವಿಸುತ್ತಿರಲಿಲ್ಲ, ಅವರು ತೀರಿಕೊಂಡ ಮೇಲೆ 2004ರಲ್ಲಿ ಪ್ರಕಟವಾದ ಲೇಖನದಲ್ಲಿ ಹಾಗೆಂದಿದ್ದಾರೆ ಎಂದು ಸಮಾಧಾನ ಹೇಳಿದೆ. ಸಮಾಧಾನವಾದಂತೆ ಕಾಣಲಿಲ್ಲ.

ಪ್ರಬಂಧದ ಆ ಒಂದು ವಾಕ್ಯ ಈಗ ನಾಲ್ಕು ಪುಟವಾಗಿದೆ. ಯಾವ ಹೇಳಿಕೆ ಹೋಯಿತು, ಯಾವುದು ಬದಲಾಯಿತು, ಯಾಕೆ ಎಂಬುದೆಲ್ಲ ಅದರಲ್ಲಿದೆ. ಗಣಿತದ ಆತಂಕವನ್ನೂ ಒಟ್ಟಾರೆ ಪರೀಕ್ಷಾ ಭಯವನ್ನೂ ಈ ಪ್ರಶ್ನಾವಳಿ ಬೇರ್ಪಡಿಸುತ್ತದೆಯೇ ಎಂಬುದನ್ನು ನೋಡಿಲ್ಲ. ಅದಕ್ಕೆ ಇನ್ನೊಂದು ಮಾಪಕ, ಇನ್ನಷ್ಟು ಮಕ್ಕಳು ಬೇಕಿತ್ತು. ಅದನ್ನು ಮಿತಿ ಎಂದು ಬರೆಯಿಸಿದೆ. ಮಾರ್ಗದರ್ಶಕರು ನಾಲ್ಕು ಪುಟ ಉದ್ದವಾಯಿತು ಅಂದರಂತೆ. ಕತ್ತರಿಸಬೇಡಿ ಅಂದಿದ್ದೇನೆ. ಅನುಬಂಧದಲ್ಲಿ ಮೂರನೇ ಹುಡುಗನ ಹಾಳೆಯ ನಕಲೂ ಇದೆ, ಹೆಸರಿಲ್ಲದೆ: ಹದಿನೇಳನೇ ಸಾಲಿನ ಎರಡು ತುದಿಯಲ್ಲೂ ರಬ್ಬರು ಉಜ್ಜಿದ ಕಲೆ, ನಟ್ಟನಡುವೆ ಒತ್ತಿ ಬರೆದ ಒಂದು ಸರಿ ಗುರುತು.